ಪಕ್ಕದ ಮನೆಯ ಹುಂಜ

“ಇದು ಹೆಣ್ಣು ಕಣೋ ಇಸ್ಲಾವ್. ತಗೋ, ನಿನ್ನ ಪಾಲು.”

ಹಾಗೆಂದು ಆ ಕೋಳಿಮರಿಯನ್ನು ನನ್ನ ಕೈಗೆ ಕೊಡುವ ಮೊದಲು ದೆನ್ಸ್ಯೊ ತಾತ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಉಳಿದ ಹತ್ತು ಮರಿಗಳಿಗೆ ಒಂದೊಂದಕ್ಕೆ ಅರ್ಧ ನಿಮಿಷ ಸಾಕಾಗಿತ್ತು. ಕಾಲಿನ ದಪ್ಪ ನೋಡುವುದು, ಜುಟ್ಟಿನ ಬುಡ ಒತ್ತುವುದು, ಕತ್ತಿನ ಗರಿಯೊಂದನ್ನು ಎರಡು ಬೆರಳುಗಳ ನಡುವೆ ಹಿಡಿದು ತುದಿಯವರೆಗೆ ಸವರುವುದು. ತುದಿ ಚೂಪಾಗಿದ್ದರೆ ಗಂಡು, ದುಂಡಗಿದ್ದರೆ ಹೆಣ್ಣು. ಇದರ ಕಾಲನ್ನು ಮಾತ್ರ ಮೂರು ಸಲ ಮುಟ್ಟಿದರು, ಗರಿಯನ್ನು ನಾಲ್ಕು ಸಲ ಸವರಿದರು, ಮತ್ತೆ ಕಾಲಿಗೆ ಹೋದರು.

“ಏನ್ ತಾತ, ಅದು ನಿಮ್ಮ ಮುಂದೆ ಪಾಪ ಹೇಳ್ಕೊಳ್ತಿದೆಯಾ? ಪಾದ್ರಿ ಥರ ಕಿವಿ ಕೊಟ್ಟು ಕೂತಿದೀರಲ್ಲ!” ಎಂದ ಕ್ಲೆಮೆನ್. ಅವನು ನಮ್ಮೂರಿನ ಮೂರುಗಾಲಿ ಬಂಡಿಯ ಚಾಲಕ. ಕೂದಲು ಕತ್ತರಿಸಿಕೊಳ್ಳುವುದು ತಿಂಗಳಿಗೊಮ್ಮೆಯಾದರೂ ನನ್ನ ಕ್ಷೌರದಂಗಡಿಯ ಬೆಂಚಿನ ಮೇಲೆ ಅವನನ್ನು ದಿನಾ ಕಾಣಬಹುದು.

“ಬಾಯ್ಮುಚ್ಚೋ. ಕಣ್ಣು ಕೈ ಕೊಟ್ಟಿರಬಹುದು, ಈ ಬೆರಳು ಐವತ್ತು ವರ್ಷದಲ್ಲಿ ಒಂದ್ಸಲ ತಪ್ಪಿಲ್ಲ,” ಎಂದರು ತಾತ. ನನ್ನ ಹಿತ್ತಿಲಲ್ಲಿ ಸುತ್ತ ನಿಂತಿದ್ದವರೆಲ್ಲ ಹೌದು ಹೌದು ಎಂದರು. ಅದು ಸುಳ್ಳಾಗಿರಲಿಲ್ಲ. ನೀಗ್ರೋಸ್ ದ್ವೀಪದ ನಮ್ಮ ಕಬ್ಬಿನ ಸೀಮೆಯಲ್ಲಿ ಕಾದಾಡಿಸುವ ಅಂಕದ ಕೋಳಿ ಸಾಕುವವರು ಮನೆಗೊಬ್ಬರಿದ್ದಾರೆ. ಆದರೆ ಮರಿಗಳ ಬಗ್ಗೆ ಅನುಮಾನ ಬಂದರೆ ಎಲ್ಲರೂ ಬುಟ್ಟಿ ಹೊತ್ತುಕೊಂಡು ಹೋಗುತ್ತಿದ್ದದ್ದು ದೆನ್ಸ್ಯೊ ತಾತನ ಜಗಲಿಗೆ.

ಏಳು ಗಂಡು, ನಾಲ್ಕು ಹೆಣ್ಣು. ಗಂಡುಗಳೆಲ್ಲ ಬುಟ್ಟಿ ಸೇರಿ ಕ್ಲೆಮೆನ್‌ನ ಬಂಡಿಯಲ್ಲಿ ತಾತನ ಮನೆಗೆ ಹೊರಟವು. ನಾಲ್ಕು ಹೆಣ್ಣು ನನಗುಳಿದವು.

ನಮ್ಮಲ್ಲಿ ಹೀಗೆ ಪಾಲಿಗೆ ಕೊಡುವುದು ಹೊಸದೇನಲ್ಲ. ಎಮ್ಮೆಯನ್ನೂ ಹಂದಿಯನ್ನೂ ಕೊಡುತ್ತಾರೆ. ಒಬ್ಬರ ಪ್ರಾಣಿ, ಇನ್ನೊಬ್ಬರ ಹಿತ್ತಿಲು, ಹುಟ್ಟಿದ್ದರಲ್ಲಿ ಹಂಚಿಕೆ. ಅಂಕದ ಕೋಳಿಯಾದರೆ ಗಂಡೆಲ್ಲ ಕೊಟ್ಟವರಿಗೆ, ಹೆಣ್ಣೆಲ್ಲ ಸಾಕಿದವರಿಗೆ. ಆದರೆ ದೆನ್ಸ್ಯೊ ತಾತ ತಮ್ಮ ತಳಿಯನ್ನು ಯಾರ ಹಿತ್ತಿಲಿಗೂ ಬಿಟ್ಟವರಲ್ಲ. ಹಿಂದಿನ ವರ್ಷ ರೋಗ ಬಂದು ಅವರ ಅಂಗಳದ ಅರ್ಧಕ್ಕರ್ಧ ಕೋಳಿಗಳು ನಾಲ್ಕೇ ದಿನದಲ್ಲಿ ಸತ್ತ ಮೇಲೆ, ಇಡೀ ತಳಿಯನ್ನು ಒಂದೇ ಕಡೆ ಇಡುವುದು ತಪ್ಪು ಎಂದು ಅವರಿಗೆ ಅನ್ನಿಸಿತು. ಒಂದು ಹೇಂಟೆಯನ್ನು ಅದರ ಮೊಟ್ಟೆಗಳ ಸಮೇತ ತಂದು ನನ್ನ ಮುಂದಿಟ್ಟರು.

“ನನಗ್ಯಾಕೆ ತಾತ? ನಾನು ಒಂದು ಗುಬ್ಬಿನೂ ಸಾಕಿದೋನಲ್ಲ,” ಎಂದಿದ್ದೆ.

“ಮೂವತ್ತು ವರ್ಷದಿಂದ ನನ್ನ ಗಂಟಲ ಮೇಲೆ ಕತ್ತಿ ಇಡ್ತಿದೀಯ. ಒಂದು ದಿನ ಒಂದು ಹನಿ ರಕ್ತ ಬಂದಿಲ್ಲ. ಅಂಥ ಕೈಗೆ ಕೊಡದೆ ಇನ್ಯಾರಿಗೆ ಕೊಡಲಿ?”

ಆ ಮಾತಿಗೆ ನಾನು ಎಷ್ಟು ಉಬ್ಬಿದೆನೆಂದರೆ ಅವತ್ತು ಇಬ್ಬರಿಗೆ ಬೇಡವೆಂದರೂ ಮೀಸೆ ತಿದ್ದಿ ಕಳಿಸಿದೆ.

ನನಗಾಗ ಐವತ್ತೆರಡು. ಮೂವತ್ತು ವರ್ಷ ನನ್ನ ಕುರ್ಚಿಯಲ್ಲಿ ಕೂತವರೆಲ್ಲ ಮಾತಾಡಿದ್ದು ಕೋಳಿಯ ವಿಷಯವೇ. ಯಾವ ತಳಿ ಎತ್ತರಕ್ಕೆ ಹಾರುತ್ತದೆ, ಯಾವುದು ನೆಲ ಬಿಡುವುದಿಲ್ಲ, ಜೋಳಕ್ಕೆ ಏನು ಬೆರೆಸಬೇಕು ಎಲ್ಲವನ್ನೂ ಕೇಳಿ ಕೇಳಿ, ನನಗೂ ಗೊತ್ತಿದೆ ಎಂದೇ ನಂಬಿದ್ದೆ. ಭಾನುವಾರ ಕೋಳಿ ಅಂಕದ ಕಣಕ್ಕೆ ಹೋದರೆ ಬೇಲಿಯ ಹೊರಗೆ ನಿಂತು ನೋಡುವವರಲ್ಲಿ ನಾನೊಬ್ಬ. ಕಂಕುಳಲ್ಲಿ ಹುಂಜ ಅವುಚಿಕೊಂಡು ಒಳಗೆ ಹೋಗುವವರಿಗೆ ಬಾಗಿಲ ಕಾವಲಿನವನು ಒಂದು ಹೆಜ್ಜೆ ಸರಿದು ದಾರಿ ಬಿಡುತ್ತಾನೆ. ಆ ಒಂದು ಹೆಜ್ಜೆ ನನಗೆ ಬೇಕಿತ್ತು. ಬೇರೆ ಯಾರಿಗೂ ಅದನ್ನು ಹೇಳಿರಲಿಲ್ಲ, ನನ್ನ ಹೆಂಡತಿ ಪಾಸಿಂಗ್‌ಗೂ.

ಮೊಟ್ಟೆಗಳು ಬಂದ ದಿನವೇ ಪಾಸಿಂಗ್‌ಳ ಮದುವೆಯ ಉಂಗುರವನ್ನು ದಾರಕ್ಕೆ ಕಟ್ಟಿ ಮೊಟ್ಟೆಯ ಮೇಲೆ ತೂಗಿಬಿಟ್ಟು ನೋಡಿದೆ. ಸುತ್ತಿದರೆ ಹೆಣ್ಣು, ಹಿಂದೆ ಮುಂದೆ ಆಡಿದರೆ ಗಂಡು ಎಂದು ಗಿರಾಕಿಯೊಬ್ಬ ಹೇಳಿಕೊಟ್ಟಿದ್ದ. ಎಲ್ಲ ಮೊಟ್ಟೆಯ ಮೇಲೂ ಹಿಂದೆ ಮುಂದೆ ಆಡಿತು.

“ಹನ್ನೊಂದಕ್ಕೆ ಹನ್ನೊಂದೂ ಗಂಡು!” ಎಂದೆ.

“ಅಂಗಡಿಯಿಂದ ತಂದ ಮೊಟ್ಟೆ ಅಡುಗೆಮನೇಲಿದೆ. ಅದರ ಮೇಲೂ ಹಿಡಿ ನೋಡೋಣ,” ಎಂದಳು ಪಾಸಿಂಗ್. ಹಿಡಿದೆ. ಹಿಂದೆ ಮುಂದೆ ಆಡಿತು. “ಬಿಡು, ಅದೂ ಗಂಡೇ. ಹುಂಜನ್ನೇ ಹುರಿದು ಅನ್ನದ ಜೊತೆ ತಿನ್ನೋಣ. ಈಗ ನನ್ನ ಉಂಗುರ ಕೊಡು.”

ಮರಿಗಳಿಗೆ ಮೂರು ವಾರವಾದಾಗ ಟೋಪಿಯ ಪರೀಕ್ಷೆ ಮಾಡಿದೆ. ಮರಿಗಳ ಮೇಲೆ ಟೋಪಿ ಬೀಸಿ ಎಸೆದರೆ ಹೆಣ್ಣು ಮುದುರಿ ಕೂರುತ್ತದೆ, ಗಂಡು ಕತ್ತೆತ್ತಿ ನಿಲ್ಲುತ್ತದೆ. ನಿಂತವಕ್ಕೆಲ್ಲ ಕೆಂಪು ದಾರ ಕಟ್ಟಿ ಅಂಗಡಿಯಲ್ಲಿ ಕೊಚ್ಚಿಕೊಂಡೆ. ಹತ್ತು ವಾರದ ಹೊತ್ತಿಗೆ ಕೆಂಪು ದಾರದವುಗಳಲ್ಲಿ ಮೂರು, ಯಾರು ನೋಡಿದರೂ ಹೇಂಟೆಗಳೇ. ಎರಡು ವಾರ ಬೆಂಚಿನ ಮೇಲೆ ಬೇರೆ ಮಾತಿರಲಿಲ್ಲ. ಕ್ಲೆಮೆನ್ ಅಂತೂ ಒಳಗೆ ಬರುವಾಗಲೆಲ್ಲ ನನ್ನ ಮೇಲೆ ಟೋಪಿ ಎಸೆದು, “ಕತ್ತೆತ್ತಿ ನಿಂತ್ಕೋ ಇಸ್ಲಾವ್, ನೀನು ಯಾವುದು ಅಂತ ನೋಡ್ಬೇಕು!” ಎನ್ನುತ್ತಿದ್ದ. ಅದಕ್ಕೇ ತಾತ ತಾವೇ ಬಂದು ಪಾಲು ಮಾಡಿಕೊಟ್ಟದ್ದು.

ಆ ನಾಚಿಕೆ ಬಹಳ ಸಣ್ಣದು. ಈಗ ನೆನೆದರೆ ನಗು ಬರುತ್ತದೆ. ನಗು ಬಾರದ್ದು ಮುಂದಿದೆ.

ತಾತ ಶನಿವಾರ ಶನಿವಾರ ಕ್ಷೌರಕ್ಕೆ ಬರುತ್ತಿದ್ದರು. ಮುಖಕ್ಕೆ ಸೋಪು ಹಚ್ಚಿದ ಕೂಡಲೇ ಅವರಿಗೆ ಒಂದೇ ನೆನಪು. ಅವರ ಅಪ್ಪನ ಬಳಿ ಒಂದು ಹುಂಜವಿತ್ತಂತೆ. ಗರಿಯೆಲ್ಲ ಹೇಂಟೆಯದು, ಬಾಲ ಮೋಟು, ಕತ್ತು ದುಂಡಗೆ. ನೋಡಿದರೆ ಮೊಟ್ಟೆ ಇಡುವ ಕೋಳಿ. ಒಳಗೆ ಪೂರಾ ಹುಂಜ. ಕಣದಲ್ಲಿ ಎದುರಿನ ಹುಂಜ ಇದನ್ನು ಹೆಣ್ಣೆಂದುಕೊಂಡು, ಕಾದಾಡುವುದನ್ನು ಬಿಟ್ಟು ರೆಕ್ಕೆ ಇಳಿಸಿ ಕುಣಿಯಲು ಶುರುಮಾಡುತ್ತಿತ್ತಂತೆ. ನಮ್ಮ ಕಡೆ ಅಂಥದ್ದು ಯಾರ ಬಳಿಯಾದರೂ ಇದ್ದರೆ ಪಕ್ಕದ ಊರಿನಿಂದಲೂ ನೋಡಲು ಬರುತ್ತಾರೆ.

“ಅದರ ರಕ್ತ ನನ್ನ ಕೋಳಿಗಳಲ್ಲಿ ಇನ್ನೂ ಇದೆ ಕಣೋ,” ಎನ್ನುತ್ತಿದ್ದರು. “ನಲವತ್ತು ವರ್ಷದಿಂದ ಮರಿ ಮರಿನೂ ಹುಡುಕ್ತಿದೀನಿ. ಒಂದು ಹುಟ್ಟಲಿ. ಈ ಕಣ್ಣು ಪೂರ್ತಿ ಮುಚ್ಚೋದರೊಳಗೆ ಒಂದ್ಸಲ ನೋಡಿದ್ರೆ ಸಾಕು. ಆಮೇಲೆ ಪೊರೆ ಬಂದು ಬೇಕಾದ್ರೆ ಮುಚ್ಚಿಕೊಳ್ಳಲಿ.”

ಇದನ್ನು ನಾನು ನೂರು ಸಲವಾದರೂ ಕೇಳಿದ್ದೆ. ಕೇಳಿರಲಿಲ್ಲ, ಗೊತ್ತಿರಲಿಲ್ಲ ಎಂದು ಹೇಳಲು ನನಗೆ ದಾರಿಯೇ ಇಲ್ಲ.

ನನ್ನ ಪಾಲಿನ ನಾಲ್ಕು ಹೇಂಟೆಗಳಿಗೆ ಪಾಸಿಂಗ್‌ಳ ನಾಲ್ವರು ಚಿಕ್ಕಮ್ಮಂದಿರ ಹೆಸರಿಟ್ಟಿದ್ದೆ. ತಾತ ಬಹಳ ಹೊತ್ತು ಹಿಡಿದಿದ್ದದ್ದು ಕ್ರಿಸ್ಪಿನಾ. ಐದನೆಯ ತಿಂಗಳು ಮುಗಿಯುತ್ತಾ ಬಂದಂತೆ ಉಳಿದ ಮೂವರು ಗೂಡು ಹುಡುಕುತ್ತಿದ್ದರೆ ಕ್ರಿಸ್ಪಿನಾ ಹುಳ ಕಂಡಾಗ ತಾನು ತಿನ್ನದೆ ಟುಕ್ ಟುಕ್ ಎಂದು ಅವರನ್ನು ಕರೆಯುತ್ತಿತ್ತು. ಒಳ್ಳೆ ಗುಣ ಎಂದುಕೊಂಡೆ. ಒಂದು ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಹಿತ್ತಿಲಿನಿಂದ ಒಡಕು ದನಿಯ ಕೂಗೊಂದು ಕೇಳಿತು. ಕೊನೆಯಲ್ಲಿ ಚೂರಿಯಿಂದ ಕತ್ತರಿಸಿದಂತೆ ಥಟ್ಟನೆ ನಿಂತಿತು.

ಪಾಸಿಂಗ್ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ನಮ್ಮ ಕ್ರಿಸ್ಪಿನಾ ಚಿಕ್ಕಮ್ಮ ಕೂಗ್ತಿದಾಳೆ!”

ನಾನು ಹೋಗಿ ಹಿಡಿದು ನೋಡಿದೆ. ಕತ್ತಿನ ಗರಿ ದುಂಡಗೆ, ಬಾಲ ಮೋಟು. ಕಾಲಿನ ಹಿಂದೆ ಮಾತ್ರ ಎರಡು ಕಡೆಯೂ ಜೋಳದ ಕಾಳಿನಷ್ಟು ಮುಳ್ಳು ಮೂಡಿತ್ತು. ಹೇಂಟೆಗಿರುವಂಥ ಮುಳ್ಳಲ್ಲ ಅದು. ಅದು ಏನೆಂದು ನನಗೆ ಕೂಡಲೇ ತಿಳಿಯಿತು.

“ತಾತಂಗೆ ಈಗ್ಲೇ ಹೇಳ್ಕಳಿಸು,” ಎಂದಳು ಪಾಸಿಂಗ್. “ಅವರು ಕಾಯ್ತಿದ್ದದ್ದು ಇದನ್ನೇ ಅಲ್ವಾ?”

“ಹೇಗೆ ಹೇಳೋದು? ಊರವರ ಮುಂದೆ ಹೆಣ್ಣು ಅಂತ ಹೇಳಿ ಕೊಟ್ಟಿದಾರೆ. ಈಗ ಗಂಡು ಅಂದ್ರೆ ಅವರಿಗೆ ಎಷ್ಟು ಅವಮಾನ ಆಗತ್ತೆ ಯೋಚ್ನೆ ಮಾಡು. ಐವತ್ತು ವರ್ಷದ ಹೆಸರು.”

ಅವಳು ನನ್ನ ಮುಖವನ್ನೇ ನೋಡಿದಳು. “ಅವರ ಹೆಸರಿನ ಚಿಂತೆನಾ ನಿಂಗೆ?”

“ಮತ್ತೇನು?”

“ಹಾಗಾದ್ರೆ ಅದನ್ನ ಯಾಕೆ ಅಂಗಿಯೊಳಗೆ ಇಟ್ಕೊಂಡಿದೀಯ?”

ಆಗಲೇ ನೋಡಿಕೊಂಡದ್ದು. ಹುಂಜವನ್ನು ಅಂಗಿಯ ಗುಂಡಿ ಬಿಚ್ಚಿ ಎದೆಗೆ ಅವುಚಿಕೊಂಡಿದ್ದೆ. ಬೀದಿಯಲ್ಲಿ ಹೋಗುವವರಿಗೆ ಕಾಣದ ಹಾಗೆ.

ಎರಡು ತಿಂಗಳು ಅದನ್ನು ಬಚ್ಚಿಟ್ಟೆ. ಹಿತ್ತಿಲ ಮೂಲೆಯಲ್ಲಿ ಗೂಡು ಕಟ್ಟಿ, ಸುತ್ತ ಅಕ್ಕಿ ಮೂಟೆಯ ಗೋಣಿ ಇಳಿಬಿಟ್ಟು ಕತ್ತಲು ಮಾಡಿದೆ. ಕತ್ತಲಿದ್ದರೆ ಕೂಗುವುದಿಲ್ಲ ಎಂದು ಕುರ್ಚಿಯಲ್ಲಿ ಕೂತವರಿಂದಲೇ ಕಲಿತಿದ್ದೆ. ಒಳ್ಳೆಯ ಜೋಳ, ಬೇಯಿಸಿದ ಮೊಟ್ಟೆಯ ಬಿಳಿ, ಬಾಳೆಹಣ್ಣು. ಅಂಗಡಿ ಮುಚ್ಚಿದ ಮೇಲೆ ಹೊರಗೆ ತೆಗೆದು ಕಂಕುಳಲ್ಲಿಟ್ಟು ಹಿತ್ತಿಲಲ್ಲಿ ನಡೆಯುತ್ತಿದ್ದೆ. ಬಾಳೆಗಿಡಗಳ ನಡುವೆ ಹಾದು ಹೋಗುವಾಗ, ಕಣದ ಬಾಗಿಲಲ್ಲಿ ಕಾವಲಿನವನು ನನಗಾಗಿ ಸರಿದಂತೆ ಕಲ್ಪಿಸಿಕೊಂಡು ತಲೆಯಾಡಿಸುತ್ತಿದ್ದೆ. ಪಾಸಿಂಗ್ ಕಿಟಕಿಯಿಂದ ನೋಡುತ್ತಿದ್ದಳು. ಊಟಕ್ಕೆ ತಟ್ಟೆ ಇಡುವಾಗ ಸ್ವಲ್ಪ ಜೋರಾಗಿ ಇಡುತ್ತಿದ್ದಳು, ಅಷ್ಟೆ.

ಪ್ರತಿ ಶನಿವಾರ ತಾತ ಬರುತ್ತಿದ್ದರು. ಬಾಗಿಲಲ್ಲಿ ನಾನು ಬಗ್ಗಿ ಅವರ ಕೈಯನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದೆ, ಹಿರಿಯರಿಗೆ ಯಾವಾಗಲೂ ಮಾಡುವಂತೆ. ಮೊದಲೆಲ್ಲ ನೆಟ್ಟಗೆ ಕುರ್ಚಿಗೆ ನಡೆದು ಬರುತ್ತಿದ್ದವರು ಈಗ ಗೋಡೆ ಹಿಡಿದು ಬರತೊಡಗಿದ್ದರು. ಅದನ್ನೂ ನೋಡಿದೆ. ನೋಡಿ, ಮುಂದಿನ ವಾರ ಹೇಳೋಣ ಎಂದುಕೊಂಡೆ.

ಕೂಗಿದ್ದು ಎಂಟನೆಯ ಶನಿವಾರ. ಗಾಳಿಗೆ ಗೋಣಿ ಸರಿದಿರಬೇಕು. ತಾತನ ಗದ್ದ ಮೇಲೆತ್ತಿ, ಕತ್ತಿ ಗಂಟಲಿನ ಮೇಲೆ ಇಟ್ಟಿದ್ದೆ. ಹಿತ್ತಿಲಿನಿಂದ ಪೂರ್ತಿ ದನಿಯ ಕೂಗು. ಕೊನೆಯಲ್ಲಿ ಥಟ್ಟನೆ ತುಂಡು.

“ಯಾವುದೋ ಅದು ಹುಂಜ?” ಎಂದರು ತಾತ, ತುಟಿ ಅಲ್ಲಾಡಿಸದೆ. “ನಿನ್ನ ಗಂಡೆಲ್ಲ ನನ್ನ ಹತ್ರ ಬಂದಿತ್ತಲ್ಲ.”

“ಪಕ್ಕದ ಮನೇದು ತಾತ.”

ಕತ್ತಿಯ ಕೆಳಗೆ ಅವರ ಗಂಟಲು ಒಂದು ಸಲ ಏರಿ ಇಳಿಯಿತು. ಸೋಪಿನ ನೊರೆಯಲ್ಲಿ ಕೆಂಪು ಗೆರೆಯೊಂದು ಮೂಡಿತು. ಮೂವತ್ತು ವರ್ಷದಲ್ಲಿ ಮೊದಲ ಸಲ.

“ಅಯ್ಯೋ ತಾತ…”

“ಇರಲಿ ಬಿಡು. ಪಟಿಕ ಹಚ್ಚು.” ಹಚ್ಚಿದೆ. “ಕೂಗು ಚೆನ್ನಾಗಿದೆ. ನಮ್ಮ ಕೋಳಿಗಳ ಹಾಗೇ ಕೊನೇಲಿ ಕತ್ತರಿಸತ್ತೆ,” ಎಂದರು. ಎದ್ದು ಗೋಡೆ ಹಿಡಿದುಕೊಂಡು ಹೋದರು.

ಬುಧವಾರ ಕ್ಲೆಮೆನ್ ಬಂಡಿ ನಿಲ್ಲಿಸಿ ಅರ್ಧ ಮೂಟೆ ಒಡೆದ ಜೋಳವನ್ನು ನನ್ನ ಅಂಗಡಿಯ ಮಧ್ಯದಲ್ಲಿ ದೊಪ್ಪನೆ ಇಳಿಸಿದ. ಕುರ್ಚಿಯಲ್ಲಿ ಗಿರಾಕಿ, ಬೆಂಚಿನ ಮೇಲೆ ಇಬ್ಬರು.

“ದೆನ್ಸ್ಯೊ ತಾತ ಕಳಿಸಿದ್ದು. ನಿನ್ನ ಪಕ್ಕದ ಮನೆ ಹುಂಜಕ್ಕಂತೆ. ಚೆನ್ನಾಗಿ ತಿನ್ನಿಸೋಕೆ ಹೇಳು ಅಂದ್ರು.”

ನಾನು ಬಾಚಣಿಗೆ ಒರೆಸುತ್ತಾ ನಿಂತೆ.

“ಅಲ್ಲ ಮಾರಾಯ,” ಎಂದ ಕ್ಲೆಮೆನ್, ತಲೆ ಕೆರೆದುಕೊಂಡು, “ನಿನ್ನ ಮನೆಗೆ ಪಕ್ಕದ ಮನೆ ಅನ್ನೋದು ಎಲ್ಲಿದೆ? ಈ ಕಡೆ ಇಗರ್ಜಿ, ಆ ಕಡೆ ಕಬ್ಬಿನ ಗದ್ದೆ. ಇಗರ್ಜಿಲಿ ಸಂತ ಪೇದ್ರೊನ ಕಾಲ ಬುಡದಲ್ಲಿ ಮರದ ಹುಂಜ ಇದೆಯಲ್ಲ, ಅದಕ್ಕಾ ಜೋಳ?”

ಬೆಂಚಿನವರು ಬಿದ್ದು ಬಿದ್ದು ನಕ್ಕರು. ಆ ಮರದ ಹುಂಜ ಅಲ್ಲೇಕಿದೆಯೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ತನ್ನ ಗುರುವನ್ನೇ ಅರಿಯೆನೆಂದು ಸುಳ್ಳು ಹೇಳಿದವನಿಗೆ ಕೂಗಿ ನೆನಪು ಮಾಡಿಕೊಟ್ಟ ಹುಂಜ ಅದು. ನಾನೂ ನಕ್ಕೆ. ಆ ನಗು ನನ್ನ ಕಿವಿಗೇ ಹೇಸಿಗೆಯಾಗಿ ಕೇಳಿತು. ಮೂವತ್ತು ವರ್ಷ ಆ ಮನೆಯಲ್ಲಿದ್ದೇನೆ. ಸುಳ್ಳು ಹೇಳುವಾಗ ನನಗೆ ಪಕ್ಕದ ಮನೆಯೇ ಇಲ್ಲವೆಂಬುದು ನೆನಪಾಗಿರಲಿಲ್ಲ. ತಾತನಿಗೆ ಮಾತ್ರ ಅವತ್ತು ಕತ್ತಿಯ ಕೆಳಗಿದ್ದಾಗಲೇ ನೆನಪಿತ್ತು.

ಗಿರಾಕಿಯ ತಲೆಯನ್ನು ಹೇಗೋ ಮುಗಿಸಿ ಹಿತ್ತಿಲಿಗೆ ಹೋದೆ. ಪಾಸಿಂಗ್ ಬಟ್ಟೆ ಒಗೆಯುತ್ತಿದ್ದಳು. ನಾನು ಹುಂಜ ಹೊರಗೆ ತೆಗೆದದ್ದನ್ನು ನೋಡಿ ಎದ್ದು ಬಂದು ನನ್ನ ಅಂಗಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿದಳು.

“ಕಂಕುಳಲ್ಲಿ ಇಟ್ಕೊಂಡು ಹೋಗು,” ಎಂದಳು. “ಎಲ್ಲರೂ ನೋಡಲಿ.”

ಮಧ್ಯಾಹ್ನ ಮೂರರ ಬಿಸಿಲಲ್ಲಿ ಊರ ನಡುವೆಯೇ ನಡೆದೆ. ಸಂಜೆ ಸಂಜೆ ಹಿತ್ತಿಲಲ್ಲಿ ಅಭ್ಯಾಸ ಮಾಡಿದ್ದ ನಡಿಗೆಯೇ. ಜನ ಜಗಲಿಗಳಿಂದ ಕೂಗಿದರು: “ಏನ್ ಇಸ್ಲಾವ್, ಸಾರಿಗಾ?” “ಹೇಂಟೆ ಚೆನ್ನಾಗಿದೆ, ಮೊಟ್ಟೆ ಇಡತ್ತಾ?” ಒಬ್ಬರಿಗೂ ಗೊತ್ತಾಗಲಿಲ್ಲ. ಅದು ಹುಂಜವೆಂದು ಒಂದು ಮಾತು ಹೇಳಿದ್ದರೆ ಅಷ್ಟೂ ಜನ ಎದ್ದು ಬರುತ್ತಿದ್ದರು. ಹೇಳಲಿಲ್ಲ. ಮೊದಲು ಕೇಳಬೇಕಾದವರು ಬೇರೆ ಇದ್ದರು.

ತಾತ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಅಂಗಳದ ತುಂಬ ಪುಟ್ಟ ಪುಟ್ಟ ಗುಡಿಸಲುಗಳು, ಒಂದೊಂದಕ್ಕೂ ಕಾಲಿಗೆ ದಾರ ಕಟ್ಟಿದ ಒಂದೊಂದು ಹುಂಜ. ನನ್ನ ಹಿತ್ತಿಲಿನ ಏಳೂ ಅಲ್ಲಿದ್ದವು.

“ಯಾರು?”

“ಇಸ್ಲಾವ್.”

“ಬಾ. ಜೋಳ ಸಿಕ್ತಾ?”

ನಾನು ಅವರ ಕೈಯನ್ನು ಹಣೆಗೆ ಒತ್ತಿಕೊಳ್ಳಲಿಲ್ಲ. ಆ ಕೈಯೊಳಗೆ ಹುಂಜವನ್ನಿಟ್ಟೆ.

ಅವರ ಬೆರಳುಗಳು ಮೊದಲು ಹೋದದ್ದು ಎಡಗಾಲಿಗೆ. ಮೊಟ್ಟೆಯೊಡೆದು ಬಂದ ದಿನವೇ ಮರಿಯ ಎರಡು ಕಾಲ್ಬೆರಳುಗಳ ನಡುವಿನ ಚರ್ಮದಲ್ಲಿ ಅವರು ತಮ್ಮ ತಳಿಯ ಗುರುತಿಗೆ ಹಾಕಿದ್ದ ಸೀಳು ಅಲ್ಲಿತ್ತು. ಅಲ್ಲಿಂದ ಕಾಲಿನ ಮುಳ್ಳಿಗೆ. ಈಗ ಅದು ಕಡಲೆಯಷ್ಟಾಗಿತ್ತು. ಅಲ್ಲಿಂದ ಕತ್ತಿಗೆ. ಒಂದೇ ಗರಿಯನ್ನು ತುದಿಯವರೆಗೆ ಸವರಿ ಅಲ್ಲೇ ಹಿಡಿದುಕೊಂಡರು. ಅವರ ಬಾಯಿ ಸ್ವಲ್ಪ ತೆರೆಯಿತು.

“ದುಂಡಗಿದೆ,” ಎಂದರು.

“ಹೌದು ತಾತ.”

“ಅವತ್ತೂ ದುಂಡಗಿತ್ತು. ಕಾಲು ಗಂಡು ಅಂತಿತ್ತು, ಗರಿ ಹೆಣ್ಣು ಅಂತಿತ್ತು. ನಾನು ಗರಿ ಮಾತು ಕೇಳಿದೆ. ನಲವತ್ತು ವರ್ಷ ಇದನ್ನೇ ಹುಡುಕ್ತಿದ್ದೋನು, ಕೈಗೆ ಬಂದಾಗ ನಿನಗೆ ಎತ್ತಿ ಕೊಟ್ಟೆ.” ಗರಿಯನ್ನು ಬಿಟ್ಟು, “ಯಾವಾಗಿಂದ ಕೂಗ್ತಿದೆ?”

ಹೋದ ವಾರದಿಂದ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

“ಎರಡು ತಿಂಗಳಿಂದ.”

ಅವರು ಹುಂಜವನ್ನು ಎರಡೂ ಕೈಯಲ್ಲಿ ಎತ್ತಿ ಪಡುವಣದ ಬೆಳಕಿಗೆ ಹಿಡಿದರು. ಮುಖವನ್ನು ಹತ್ತಿರ ತಂದರು, ದೂರ ಮಾಡಿದರು, ಪಕ್ಕಕ್ಕೆ ತಿರುಗಿಸಿ ನೋಡಿದರು. ಆಮೇಲೆ ಮಡಿಲಲ್ಲಿ ಇಟ್ಟುಕೊಂಡರು.

“ಎರಡು ತಿಂಗಳ ಹಿಂದೆ ಬಣ್ಣ ಕಾಣ್ತಿತ್ತು,” ಎಂದರು.

ಬೈದಿದ್ದರೆ ನಿಂತು ಕೇಳುತ್ತಿದ್ದೆ. ಹೊಡೆದಿದ್ದರೂ. ಅವರು ಲೆಕ್ಕ ಹಾಕಿ ಹೇಳಿದಂತೆ ಅಷ್ಟೇ ಹೇಳಿದರು. ನನಗೆ ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ಹೇಳು, ಹೇಗಿದೆ?”

“ತಾತ, ನಾನು…”

“ಹುಂಜ ಹೇಗಿದೆ ಅಂತ ಕೇಳ್ದೆ.”

ಹೇಳಿದೆ. ಕತ್ತು ಒಣಗಿದ ಕಬ್ಬಿನ ಎಲೆಯ ಬಣ್ಣ. ಬೆನ್ನು ಹುರಿದ ಕಾಫಿ ಬೀಜದ ಹಾಗೆ, ಮೇಲೆ ಬೂದಿ ಉದುರಿಸಿದಂತೆ ಸಣ್ಣ ಚುಕ್ಕಿ. ಕಾಲು ಹಸಿರು. ಕಣ್ಣು ಕೆಂಪು. ಬಾಲ ಮೋಟು, ಒಂದೇ ಒಂದು ಬಾಗಿದ ಗರಿಯೂ ಇಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು. ಕೇಳುತ್ತಾ ಕೈ ಹುಂಜದ ಬೆನ್ನ ಮೇಲೆ ನಾನು ಹೇಳಿದ ಕಡೆಯೇ ಹೋಗುತ್ತಿತ್ತು.

“ಅಪ್ಪನದ್ದಕ್ಕೂ ಕಾಲು ಹಸಿರೇ,” ಎಂದರು.

ಹುಂಜವನ್ನು ನೆಲಕ್ಕೆ ಬಿಟ್ಟರು. ಹತ್ತಿರದ ಗುಡಿಸಲಿನ ಹುಂಜ, ಅದರ ಸ್ವಂತ ಅಣ್ಣತಮ್ಮ, ದಾರ ಎಳೆದುಕೊಂಡು ಮುಂದೆ ಬಂದು ಇದನ್ನು ನೋಡಿ ಒಂದು ರೆಕ್ಕೆ ಇಳಿಸಿ ಸುತ್ತ ಕುಣಿಯತೊಡಗಿತು. ರೆಕ್ಕೆಯ ತುದಿ ಮಣ್ಣು ಕೆರೆಯುವ ಸದ್ದಿಗೆ ತಾತನ ಮುಖವೆಲ್ಲ ನಗುವಾಯಿತು. ಆ ನಗುವನ್ನು ನಾನು ಎರಡು ತಿಂಗಳು ಗೋಣಿಯಲ್ಲಿ ಸುತ್ತಿಟ್ಟಿದ್ದೆ.

ನಗು ಬಹಳ ಹೊತ್ತು ಇರಲಿಲ್ಲ. “ಊರಿಗೆ ಗೊತ್ತಾದ್ರೆ ಇನ್ಯಾರೂ ಮರಿ ತರಲ್ಲ,” ಎಂದರು, ತಮಗೆ ತಾವೇ ಹೇಳಿಕೊಂಡಂತೆ. “ಮುದುಕನ ಬೆರಳೂ ಹೋಯ್ತು ಅಂತಾರೆ.”

“ನಿಮ್ಮ ಬೆರಳಿನ ಮಾತೇ ಬರಲ್ಲ ತಾತ. ಅದನ್ನ ನನಗೆ ಬಿಡಿ.”

ನಾನು ಬರಿಗೈಯಲ್ಲಿ ಹಿಂತಿರುಗಿದೆ. ಅರ್ಧ ದಾರಿ ಬಂದ ಮೇಲೂ ನನ್ನ ಎಡತೋಳು ಏನನ್ನೋ ಅವುಚಿಕೊಂಡಂತೆ ಮಡಿಸಿಯೇ ಇತ್ತು.

ಶನಿವಾರ ತಾತ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದರು. ಬೆಂಚು ತುಂಬಿತ್ತು. ಕ್ಲೆಮೆನ್ ಜಾಗ ಬಿಟ್ಟು ಅವರನ್ನು ಕುರ್ಚಿಯವರೆಗೆ ಕೈಹಿಡಿದು ತಂದ. ಬಟ್ಟೆ ಹೊದಿಸಿ, ಹೊಸ ಅಲಗು ಹಾಕಿ, ಸೋಪು ಹಚ್ಚಿದೆ. ಮೂರು ದಿನದಿಂದ ಕಟ್ಟಿಟ್ಟುಕೊಂಡ ಮಾತು ಬಾಯಲ್ಲಿ ಸಿದ್ಧವಿತ್ತು.

“ಕ್ಲೆಮೆನ್, ಆ ಪಕ್ಕದ ಮನೆ ಹುಂಜ ಇತ್ತಲ್ಲ.”

“ಹೂಂ, ಸಂತ ಪೇದ್ರೊಂದು.”

“ಅದು ತಾತಂದು. ಅವತ್ತು ಪಾಲು ಮಾಡಿದ ಮೇಲೆ ಬುಟ್ಟಿ ನಿನ್ನ ಬಂಡಿಗೆ ಇಡೋವಾಗ ನಾನು ಒಂದು ಗಂಡು ತೆಗೆದು ಒಂದು ಹೆಣ್ಣು ಹಾಕಿದ್ದೆ. ಹೇಂಟೆ ಗರಿಯ ಹುಂಜ. ಎರಡು ತಿಂಗಳಿಂದ ಬಚ್ಚಿಟ್ಟಿದ್ದೆ. ಬುಧವಾರ ಕೊಟ್ಟು ಬಂದೆ.”

ಕ್ಲೆಮೆನ್ ಬಾಯಿ ತೆರೆದು ಕೂತ.

“ಇವನ ಮಾತು ಕೇಳ್ಬೇಡಿ,” ಎಂದಿತು ಸೋಪಿನ ನೊರೆಯ ಒಳಗಿನ ದನಿ. “ಏಳು ಗಂಡು ಹೋಯ್ತು, ನನ್ನ ಅಂಗಳದಲ್ಲಿ ಏಳೂ ಗಂಡೇ ಇದೆ. ಇವನಿಗೆ ಸುಳ್ಳು ಹೇಳೋಕೆ ಮೊದಲೂ ಬರ್ತಿರಲಿಲ್ಲ, ಈಗ್ಲೂ ಬರಲ್ಲ. ನಾನು ಹೆಣ್ಣು ಅಂದಿದ್ದು ನೀವೆಲ್ಲ ಕೇಳಿದೀರಿ. ನನ್ನ ಬೆರಳು ತಪ್ಪಿತು. ಇವನು ಬಚ್ಚಿಟ್ಟ. ಎರಡೂ ನಡೆದದ್ದೇ. ನಗೋರು ಈಗ್ಲೇ ನಕ್ಕುಬಿಡಿ.”

ಯಾರೂ ನಗಲಿಲ್ಲ. ನನ್ನ ಮೇಲೆ ಟೋಪಿ ಎಸೆಯುತ್ತಿದ್ದವನು ಆ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಅದರ ಅಂಚನ್ನೇ ನೋಡುತ್ತಿದ್ದ. ಆ ಹೊತ್ತು ಅವನು ಎಸೆದಿದ್ದರೆ ಒಳ್ಳೆಯದಿತ್ತು ಎಂದು ನನಗನ್ನಿಸಿತು.

ಕಡೆಗೆ ಅವನೇ ಕೇಳಿದ. “ಹೇಗಿದೆ ತಾತ, ಹುಂಜ?”

“ಇವನನ್ನ ಕೇಳು. ನೋಡಿರೋನು ಇವನು.”

ಹಾಗೆಂದು ತಾತ ತಲೆಯನ್ನು ಹಿಂದಕ್ಕೆ ಒರಗಿಸಿ ಗದ್ದ ಮೇಲೆತ್ತಿದರು. ಕತ್ತಿಯನ್ನು ಬಟ್ಟೆಗೆ ಒರೆಸಿದೆ, ಮತ್ತೊಮ್ಮೆ ಒರೆಸಿದೆ. ಹಿಂದಿನ ವಾರ ನಾನು ಮಾಡಿದ ಗಾಯ ನೊರೆಯ ಅಂಚಿನಲ್ಲಿ ತೆಳ್ಳನೆಯ ಗೆರೆಯಾಗಿ ಒಣಗಿತ್ತು. ನಾನು ಒರೆಸುವುದನ್ನು ನಿಲ್ಲಿಸುವವರೆಗೂ ಅವರು ಹಾಗೇ ಗದ್ದವೆತ್ತಿಕೊಂಡು ಕಾದರು. ಆಮೇಲೆ ನಾನು ಆ ಗೆರೆಯ ಬಳಿಯಿಂದಲೇ ಕ್ಷೌರ ಶುರುಮಾಡಿದೆ.